ಶಟ್‌ಡೌನ್ ಕೊಟ್ರೂ ಫ್ಯಾನ್ ತಿರುಗ್ತಾನೇ ಇದ್ಯಾ?

ಇವತ್ತು ಮೊಬೈಲ್ ಪಕ್ಕಕ್ಕಿಟ್ಟು ಮನೆಯ ಮೂಲೆಯಲ್ಲಿರೋ ವಿಂಡೋಸ್ ಕಂಪ್ಯೂಟರ್ ಬಗ್ಗೆ ಮಾತಾಡೋಣ. ಶಟ್‌ಡೌನ್ ಕೊಡ್ತೀರಿ, ಸ್ಕ್ರೀನ್ ಕಪ್ಪಾಗುತ್ತೆ. ಆದರೆ ಸಿಪಿಯು ಡಬ್ಬಿಯೊಳಗಿನ ಫ್ಯಾನ್ ಗುಂಯ್ ಅಂತ ತಿರುಗ್ತಾನೇ ಇರುತ್ತೆ. ಹತ್ತು ನಿಮಿಷ ಕಾದ್ರೂ ಅಷ್ಟೇ. ಕೊನೆಗೆ ಗೋಡೆಯ ಸ್ವಿಚ್ ಆರಿಸಿ ಮಲಗ್ತೀರಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಕಂಪ್ಯೂಟರ್ ಆರಿದ ಮೇಲೂ ಮೌಸ್‌ನ ಕೆಂಪು ಲೈಟ್ ಉರೀತಿದ್ರೆ ಗಾಬರಿ ಬೇಡ. ಮೇನ್ ಸ್ವಿಚ್ ಆನ್ ಇರೋವರೆಗೂ ಯುಎಸ್‌ಬಿಗೆ ಸ್ವಲ್ಪ ಕರೆಂಟ್ ಹೋಗೋದು ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಮಾಮೂಲು. ನೋಡಬೇಕಾದ್ದು ಫ್ಯಾನ್.

ನಮ್ಮ ಅತ್ತಿಗೆ ಮನೆಯಲ್ಲೇ ಕೂತು ನಾಲ್ಕೈದು ಅಂಗಡಿಗಳ ಲೆಕ್ಕ ಬರೀತಾರೆ. ಅವರ ಕಂಪ್ಯೂಟರ್‌ಗೆ ಇದೇ ಕಾಯಿಲೆ. ರಿಪೇರಿಯವರು ನೋಡಿ, "ಫಾರ್ಮ್ಯಾಟ್ ಮಾಡ್ಬೇಕು ಮೇಡಂ" ಅಂದ್ರಂತೆ. ಮೂರು ವರ್ಷದ ಲೆಕ್ಕ ಆ ಡಿಸ್ಕ್‌ನಲ್ಲೇ ಇದೆ, ಬೇರೆಲ್ಲೂ ಕಾಪಿ ಇಲ್ಲ. ಅತ್ತಿಗೆ ಫೋನ್ ಮಾಡಿ, "ನೀನೊಂದ್ಸಲ ನೋಡಿಬಿಡಪ್ಪ, ಆಮೇಲೆ ಕೊಡ್ತೀನಿ" ಅಂದ್ರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ರೀಸ್ಟಾರ್ಟ್ ಕೊಟ್ರೆ ಏನಾಗುತ್ತೆ ಅತ್ತಿಗೆ?" "ಅದೇನೂ ತೊಂದ್ರೆ ಇಲ್ಲ, ಚೆನ್ನಾಗೇ ಆಗುತ್ತೆ."

ಅಲ್ಲೇ ಸುಳಿವು ಸಿಕ್ಕಿತು. 2012ರಲ್ಲಿ ವಿಂಡೋಸ್ 8 ಬಂದಾಗ ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಅನ್ನೋದೊಂದು ಬಂತು. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಅದು ತಾನಾಗೇ ಆನ್ ಆಗಿರುತ್ತೆ. ಆಗ ಶಟ್‌ಡೌನ್ ಅಂದ್ರೆ ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮ ಆ್ಯಪ್‌ಗಳೆಲ್ಲ ಮುಚ್ಚುತ್ತವೆ, ನಿಜ. ಆದರೆ ವಿಂಡೋಸ್‌ನ ಒಳತಿರುಳು ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಇದ್ದ ಹಾಗೇ ಡಿಸ್ಕ್‌ನ ಒಂದು ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತೆ, ಬೆಳಿಗ್ಗೆ ಬೇಗ ಏಳೋದಕ್ಕೆ. ಗಿರಾಕಿಗಳನ್ನೆಲ್ಲ ಕಳಿಸಿ, ತಕ್ಕಡಿ, ಗಲ್ಲಾಪೆಟ್ಟಿಗೆ ಇದ್ದಲ್ಲೇ ಬಿಟ್ಟು ಶಟರ್ ಎಳೆದ ಹಾಗೆ. ರೀಸ್ಟಾರ್ಟ್ ಹಾಗಲ್ಲ, ಅದು ಎಲ್ಲಾ ಖಾಲಿ ಮಾಡಿ ಹೊಸದಾಗಿ ಶುರು ಮಾಡುತ್ತೆ. ಹಳೇ ಡ್ರೈವರ್‌ಗೋ ಬಯಾಸ್‌ಗೋ ಈ ಅರೆನಿದ್ದೆಯ ವ್ಯವಹಾರ ಒಗ್ಗದಿದ್ರೆ, ಕೊನೇ ಹೆಜ್ಜೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ.

ಪರೀಕ್ಷೆ ಸುಲಭ. ಕೀಬೋರ್ಡ್‌ನ ಶಿಫ್ಟ್ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಆ ಒಂದು ಸಲಕ್ಕೆ ಅದು ಪೂರ್ತಿ ಶಟ್‌ಡೌನ್. ಅತ್ತಿಗೆಯ ಫ್ಯಾನ್ ಟಕ್ ಅಂತ ನಿಂತಿತು.

ಆಮೇಲೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಪವರ್ ಆಪ್ಷನ್ಸ್ ತೆಗೆಸಿದೆ. ಅಲ್ಲಿ ಎಡಗಡೆ, ಪವರ್ ಬಟನ್ ಒತ್ತಿದ್ರೆ ಏನಾಗಬೇಕು ಅಂತ ಆರಿಸೋ ಲಿಂಕ್ ಇದೆ. ಅದರೊಳಗೆ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ಮಸುಕಾಗಿ ಕಾಣುತ್ತೆ. ಮೇಲಿರೋ 'ಚೇಂಜ್ ಸೆಟ್ಟಿಂಗ್ಸ್' ಲಿಂಕ್ ಒತ್ತಿದ್ರೆ ಮಾತ್ರ ತೆಗೆಯೋಕೆ ಬರುತ್ತೆ. ಟಿಕ್ ತೆಗೆದು ಸೇವ್ ಮಾಡಿದ್ರೆ ಆಯ್ತು. ಬೆಳಿಗ್ಗೆ ಆನ್ ಆಗೋಕೆ ಕೆಲವು ಸೆಕೆಂಡ್ ಹೆಚ್ಚು ಹಿಡಿಯುತ್ತೆ, ಎಸ್‌ಎಸ್‌ಡಿ ಇದ್ರೆ ಅದೂ ಗೊತ್ತಾಗಲ್ಲ. ನನ್ನ ಕೇಳಿದ್ರೆ, ಡೆಸ್ಕ್‌ಟಾಪ್‌ಗೆ ಈ ಸೌಲಭ್ಯ ಬೇಕಾಗೇ ಇಲ್ಲ. ಅದು ಬೇಕೇ ಬೇಕು ಅನ್ನೋರು ಮದರ್‌ಬೋರ್ಡ್ ತಯಾರಕರ ಸೈಟ್‌ನಿಂದ ಹೊಸ ಚಿಪ್‌ಸೆಟ್ ಡ್ರೈವರ್ ಹಾಕಿ ನೋಡಬಹುದು.

ಶಿಫ್ಟ್ ಒತ್ತಿದ್ರೂ ಆರಲಿಲ್ವಾ? ಪ್ರಿಂಟರ್, ಪೆನ್‌ಡ್ರೈವ್, ವೈಫೈ ಡಾಂಗಲ್ ಒಂದೊಂದಾಗಿ ಕಿತ್ತು ಪ್ರಯತ್ನಿಸಿ. 'ಅಪ್‌ಡೇಟ್ ಆಗ್ತಿದೆ' ಅಂತ ತೋರಿಸ್ತಿದ್ರೆ ಮಾತ್ರ ಸುಮ್ನೆ ಕಾಯಿರಿ, ಮಧ್ಯೆ ಕೈ ಹಾಕಬೇಡಿ.

ಪವರ್ ಬಟನ್ ಒತ್ತಿ ಹಿಡಿಯೋದು, ಗೋಡೆಯ ಸ್ವಿಚ್ ಆರಿಸೋದು ಬೇರೆ ದಾರಿ ಇಲ್ಲದಾಗ ಒಂದು ಸಲಕ್ಕೆ ಸರಿ. ದಿನಾ ಮಾಡಿದ್ರೆ, ಡಿಸ್ಕ್ ಏನೋ ಬರೀತಿರುವಾಗಲೇ ಯಾವತ್ತೋ ಕರೆಂಟ್ ಹೋಗುತ್ತೆ, ಫೈಲ್ ಕೆಡುತ್ತೆ. ಅತ್ತಿಗೆ ಎರಡು ತಿಂಗಳಿಂದ ಅದನ್ನೇ ಮಾಡ್ತಿದ್ರು. ಲೆಕ್ಕ ಉಳಿದದ್ದು ಅದೃಷ್ಟ ಅಂತಲೇ ಹೇಳಬೇಕು. ಅವತ್ತೇ ಇಡೀ ಲೆಕ್ಕದ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಸಿದೆ. ನೀವೂ ಕಂಪ್ಯೂಟರನ್ನ ಅಂಗಡಿಗೆ ಒಯ್ಯೋದೇ ಆದ್ರೆ ಮೊದಲು ಅಷ್ಟು ಮಾಡಿ. ಆಮೇಲೆ, ರೀಸ್ಟಾರ್ಟ್ ಆಗುತ್ತಾ ಇಲ್ವಾ, ಶಿಫ್ಟ್ ಒತ್ತಿದ್ರೆ ಆರುತ್ತಾ ಇಲ್ವಾ, ಇವೆರಡನ್ನೂ ಅವರಿಗೆ ಹೇಳಿ.