ಪೈಪಿನೊಳಗೆ ಏನಿದೆ ಎಂದು ಮಕ್ಕಳಿಗೆ ಹೇಳಿದ್ದೇವೆಯೇ?

(ಶಿವಮೊಗ್ಗದ ವಿನೋಬನಗರದಲ್ಲಿ ನಡೆದ ಹಾಲು ಉತ್ಪಾದಕರು ಹಾಗೂ ಅವರ ಮಕ್ಕಳ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೂ ಪೈಪ್‌ಲೈನಿಗೂ ಏನು ಸಂಬಂಧವೆಂದು ಕೆಲವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಸಂಬಂಧ ಬಂದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ನನ್ನ ವ್ಯಾಪ್ತಿಯ ಒಂದು ಊರಿನ ಸಂಘದ ಹಾಲು ಹುಳಿಯಾಗಿ ವಾಪಸು ಬರತೊಡಗಿತು. ಒಂದು ದಿನವಲ್ಲ, ಸಾಲಾಗಿ ನಾಲ್ಕು ದಿನ. ಕೆಚ್ಚಲು ಬಾವು ಇರಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಮನೆ ಮನೆ ತಿರುಗಿ ಪರೀಕ್ಷೆ ಮಾಡಿದೆ. ಕೆಚ್ಚಲುಗಳಲ್ಲಿ ಅಂಥ ದೋಷವೇನೂ ಕಾಣಲಿಲ್ಲ. ಕೊನೆಗೆ ಒಬ್ಬ ಅಜ್ಜಿ ತಾವು ಕ್ಯಾನು ತೊಳೆಯುತ್ತಿದ್ದ ನಲ್ಲಿ ನೀರನ್ನು ಲೋಟಕ್ಕೆ ಹಿಡಿದು ತೋರಿಸಿದರು. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಸರು ನಿಂತಿತು. ನೀರುಗಂಟಿಯನ್ನು ಕರೆದುಕೊಂಡು ಪೈಪಿನ ಜಾಡು ಹಿಡಿದು ಹೊರಟೆವು. ಊರಾಚೆ, ಎಮ್ಮೆಗಳು ಹೊರಳುವ ಗುಂಡಿಯ ಪಕ್ಕದಲ್ಲೇ, ಏರ್ ವಾಲ್ವನ್ನು ಕಲ್ಲಿನಿಂದ ಜಜ್ಜಿ ಮುರಿದಿದ್ದರು.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಪಂಪು ಓಡುವಾಗ ಮುರಿದ ಬಾಯಿಂದ ನೀರು ಹೊರಗೆ ಚಿಮ್ಮುತ್ತದೆ. ಪಂಪು ನಿಂತಾಗ ಪೈಪಿನೊಳಗಿನ ನೀರು ಇಳಿಜಾರಿಗೆ ಜಾರುತ್ತದೆ. ಆಗ ಅದೇ ಬಾಯಿ ಹೊರಗಿನದನ್ನು ಒಳಕ್ಕೆ ಹೀರುತ್ತದೆ. ಸಗಣಿ, ಗಂಜಲ, ಕೆಸರು ಎಲ್ಲವೂ ಹಾಗೆ ಒಳಗೆ ಹೋಗಿ ನಲ್ಲಿಗೆ, ನಲ್ಲಿಯಿಂದ ಕ್ಯಾನಿಗೆ ಬಂದಿದ್ದವು. ಕ್ಯಾನಿನಲ್ಲಿ ಉಳಿದ ನಾಲ್ಕು ಹನಿ ಕೆಟ್ಟ ನೀರು ಸಾಕು, ಬೇಸಿಗೆಯ ಹಾಲು ಶೀತಲ ಕೇಂದ್ರ ಮುಟ್ಟುವ ಮೊದಲೇ ಹುಳಿಯಾಗಲು.

ಮುರಿದವನು ಹತ್ತನೇ ತರಗತಿಯ ಹುಡುಗ. ಅವನ ತಂದೆ ಹೊಡೆಯಲು ಕೈ ಎತ್ತಿದರು. ನಾನು ತಡೆದು, "ಯಾಕಪ್ಪಾ ಮುರಿದೆ?" ಎಂದು ಕೇಳಿದೆ. "ದನದ ತೊಟ್ಟಿಗೆ ನೀರು ಬಿಟ್ಟು ಎರಡು ತಿಂಗಳಾಯ್ತು ಸಾರ್. ಎಮ್ಮೆಗೆ ಎಲ್ಲಿಂದ ಕುಡಿಸ್ಲಿ?" ಎಂದ. ಅಲ್ಲಿದ್ದ ಹಿರಿಯರಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕರೆಯುವ ಎಮ್ಮೆಗೆ ಬೇಸಿಗೆಯಲ್ಲಿ ಬೇಕಾದಷ್ಟು ನೀರು ಕುಡಿಸಿ ಎಂದು ಊರೂರು ತಿರುಗಿ ಹೇಳುವವನು ನಾನೇ ತಾನೆ!

ಆದರೆ ಅದೇ ವಾರ ಅವನ ಪುಟ್ಟ ತಂಗಿ ವಾಂತಿಭೇದಿಯಿಂದ ಮಲಗಿದ್ದಳು. ಆ ನೀರನ್ನೇ ಅವಳೂ ಕುಡಿದಿದ್ದಳು. ಲೋಟದ ಕೆಸರನ್ನೂ ವಾಲ್ವಿನ ಬಾಯಿಯನ್ನೂ ಒಟ್ಟಿಗೆ ತೋರಿಸಿದಾಗ ಹುಡುಗನ ಮುಖ ಇಳಿದುಹೋಯಿತು. ಅದನ್ನು ಯಾರೂ ಅವನಿಗೆ ಮೊದಲು ಹೇಳಿರಲಿಲ್ಲ. "ಮುಟ್ಟಬೇಡ" ಎಂದಷ್ಟೇ ಹೇಳಿದ್ದರು. ಹದಿನೈದರ ಹುಡುಗನಿಗೆ ಆ ಮಾತು ಸಾಕೇ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಒಂದು ಭಾನುವಾರ ನಿಮ್ಮ ಊರಿನ ಮಕ್ಕಳನ್ನು ನೀರುಗಂಟಿಯ ಜೊತೆ ಕಳಿಸಿ. ಕೊಳವೆಬಾವಿಯಿಂದ ಟ್ಯಾಂಕು, ಟ್ಯಾಂಕಿನಿಂದ ಮನೆ ನಲ್ಲಿಯವರೆಗೆ ನಡೆದು ನೋಡಲಿ. ಇಲ್ಲಿ ಶಿವಮೊಗ್ಗದಲ್ಲಿ ತುಂಗೆಯ ನೀರು, ಭದ್ರಾವತಿಯಲ್ಲಿ ಭದ್ರೆಯ ನೀರು. ಪೇಟೆಯ ಮಕ್ಕಳಿಗೂ ಈ ದಾರಿ ಗೊತ್ತಿಲ್ಲ. ಮುರಿದವರನ್ನೇ ರಿಪೇರಿಗೆ ನಿಲ್ಲಿಸಿ. ಕಾನೂನನ್ನೂ ತಿಳಿಸಿ: 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಲ್ಲಿ ನೀರು, ವಿದ್ಯುತ್ ಸರಬರಾಜಿನ ವ್ಯವಸ್ಥೆ ಕೆಡಿಸಿದವರಿಗೆ 6 ತಿಂಗಳಿಂದ 5 ವರ್ಷದವರೆಗೆ ಕಠಿಣ ಸಜೆಯಿದೆ. ಹದಿನೆಂಟು ತುಂಬದ ಮಕ್ಕಳ ವಿಚಾರಣೆ ಬಾಲ ನ್ಯಾಯ ಮಂಡಳಿಯ ಮುಂದೆ. ಆದರೆ ಕಾನೂನಿನ ಮಾತು ಕೊನೆಗಿರಲಿ.

ನೀರಿನ ಪೈಪಿನ ತಪ್ಪನ್ನು ತಿದ್ದಿಕೊಳ್ಳಲು ಸಮಯವಾದರೂ ಇರುತ್ತದೆ. ಸಮಯ ಕೊಡದ ಪೈಪುಗಳೂ ಇವೆ. ದಾಭೋಲ್‌ನಿಂದ ಬೆಂಗಳೂರಿಗೆ ಹೋಗುವ ಗೇಲ್ ಸಂಸ್ಥೆಯ ಅನಿಲ ಕೊಳವೆ, 2013ರಲ್ಲಿ ಆರಂಭವಾದದ್ದು, ದಾವಣಗೆರೆ ಚಿತ್ರದುರ್ಗ ಜಿಲ್ಲೆಗಳ ಹೊಲಗಳ ಕೆಳಗೇ ಹಾದುಹೋಗಿದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲು ಡೀಸೆಲ್ ಕೊಳವೆಯಿದೆ. 2021ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಅದನ್ನು ಕೊರೆದು ಡೀಸೆಲ್ ಕದ್ದದ್ದು ಪತ್ತೆಯಾಯಿತು. ಕದ್ದವರ ಪುಣ್ಯ, ಊರಿನವರ ಪುಣ್ಯ, ಬೆಂಕಿ ಹತ್ತಲಿಲ್ಲ. 2019ರ ಜನವರಿಯಲ್ಲಿ ಮೆಕ್ಸಿಕೋ ದೇಶದ ತ್ಲಾವೆಲಿಲ್ಪಾನ್ ಎಂಬಲ್ಲಿ ಕಳ್ಳರು ಕೊರೆದ ಕೊಳವೆಯಿಂದ ಪೆಟ್ರೋಲು ಕಾರಂಜಿಯಂತೆ ಚಿಮ್ಮಿತು. ಊರಿಗೆ ಊರೇ ಬಕೆಟ್ಟು, ಕ್ಯಾನು ಹಿಡಿದು ಓಡಿತು, ನಾವು ಡೇರಿಗೆ ಹೋಗುತ್ತೇವಲ್ಲ, ಹಾಗೆ. ಬೆಂಕಿ ಹತ್ತಿ 130ಕ್ಕೂ ಹೆಚ್ಚು ಜನ ಸತ್ತರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ತಗ್ಗಿನಲ್ಲಿ ಕಾಣದಂತೆ ಕೂತಿರುತ್ತದೆ. ಒಂದು ಕಿಡಿ ಸಾಕು.

ನಮ್ಮ ಹುಡುಗರು ಕಳ್ಳರಲ್ಲ, ಒಪ್ಪಿದೆ. ಆದರೆ ಹೊಲದಲ್ಲಿ ನೆಟ್ಟ ಗುರುತಿನ ಕಂಬಕ್ಕೆ ಹಸು ಕಟ್ಟುವುದು, ಆಟಕ್ಕೆ ಅದನ್ನು ಕೀಳುವುದು ಉಂಟು. ಕಂಬ ಹೋದರೆ ನಾಳೆ ಜೆಸಿಬಿಯವನಿಗೂ ಬೋರ್ ಕೊರೆಯುವವನಿಗೂ ಕೆಳಗೇನಿದೆಯೆಂದು ತಿಳಿಯುವುದು ಹೇಗೆ? ಆ ಪಟ್ಟಿಯಲ್ಲಿ ಬೆಳೆ ಬೆಳೆಯಬಹುದು. ಬಾವಿ, ಕಟ್ಟಡ, ಮರ ಕೂಡದು.

ಮಕ್ಕಳೇ, ಇದನ್ನು ನೀವು ನೆನಪಿಡಿ. ಅಂಥ ಜಾಗದಲ್ಲಿ ಬುಸ್ಸೆಂಬ ಸದ್ದು ಕೇಳಿದರೆ, ನೆಲದಿಂದ ಮಣ್ಣು ಹಾರಿದರೆ, ಹಸಿರು ಹುಲ್ಲು ಒಂದೇ ಕಡೆ ಒಣಗಿದ್ದರೆ ಹತ್ತಿರ ಹೋಗಬೇಡಿ. ವಾಸನೆ ಬರಲಿಲ್ಲವೆಂದು ಧೈರ್ಯ ಬೇಡ. ಮನೆಯ ಸಿಲಿಂಡರಿನ ಅನಿಲಕ್ಕೆ ವಾಸನೆಯನ್ನು ಬೇಕೆಂದೇ ಬೆರೆಸುತ್ತಾರೆ, ಭೂಮಿಯಿಂದ ಬಂದ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಬೈಕು ಚಾಲೂ ಮಾಡಬೇಡಿ, ಬೀಡಿ ಸೇದುವವರನ್ನು ತಡೆಯಿರಿ. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ, ಅಡ್ಡ ಹಾದು ದೂರ ನಡೆಯಿರಿ. ದೂರ ಹೋದ ಮೇಲೆ 112ಕ್ಕೋ, ಕಂಬದ ಮೇಲೆ ಬರೆದ ನಂಬರಿಗೋ ಫೋನು ಮಾಡಿ. ಕಟ್ಟಿದ ದನ ಅಲ್ಲೇ ಉಳಿದಿದ್ದರೂ ವಾಪಸು ಹೋಗಬೇಡಿ. ಪಶುವೈದ್ಯನಾಗಿ ಈ ಮಾತು ಹೇಳಲು ನನಗೆ ಸುಲಭವಲ್ಲ.

ಇನ್ನು ಹಿರಿಯರಿಗೆ. ನಿಮ್ಮೂರ ದನದ ತೊಟ್ಟಿ ಒಣಗಿದ್ದರೆ ಸಂಘದ ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ ಗ್ರಾಮ ಪಂಚಾಯಿತಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ನಾನು ಹೇಳಿದ ಊರಿನಲ್ಲಿ ಹಾಗೆ ಮಾಡಿದ ಮೇಲೆ ವಾರಕ್ಕೆ ಮೂರು ದಿನ ತೊಟ್ಟಿಗೆ ನೀರು ಬಂತು. ತೊಟ್ಟಿ ತುಂಬಿತೋ ಇಲ್ಲವೋ ಎಂದು ನೋಡಿ ಬರೆಯುವ ಪುಸ್ತಕವನ್ನು ಆ ಹುಡುಗನಿಗೇ ಕೊಟ್ಟರು.

ಈಗ ಪ್ರಶ್ನೆಗಳು. ಮೊದಲು ಮಕ್ಕಳು ಕೇಳಲಿ, ಹಿರಿಯರು ದಯಮಾಡಿ ಸ್ವಲ್ಪ ಕಾಯಬೇಕು.