ಯಾವ ಮಾತು ಎಲ್ಲಿ?

ಊರು ಬಿಟ್ಟು ಮಹಾನಗರಕ್ಕೆ ಬಂದ ನಮ್ಮಲ್ಲಿ ಅನೇಕರು ಒಂದಲ್ಲ ಒಂದು ಸಣ್ಣ ತಂಡದಲ್ಲಿ ಇದ್ದೇ ಇರುತ್ತೇವೆ. ಸಂಘದ ಸ್ಮರಣ ಸಂಚಿಕೆ ಇರಬಹುದು, ನಾಲ್ಕು ಜನ ಸೇರಿ ಮಾಡುವ ಅನುವಾದದ ಕೆಲಸ ಇರಬಹುದು. ಒಬ್ಬರು ಮುಂಬಯಿಯಲ್ಲಿ, ಇನ್ನೊಬ್ಬರು ಪುಣೆಯಲ್ಲಿ, ಡಿಟಿಪಿ ಮಾಡುವವರು ಹುಬ್ಬಳ್ಳಿಯಲ್ಲಿ. ಇಂಥ ತಂಡಕ್ಕೆ ಯಾವ ಸಾಧನ ಒಳ್ಳೆಯದು ಎಂಬುದೇ ಇಂದಿನ ವಿಷಯ.

ಮೊದಲು ನಾವು ಪೆಟ್ಟು ತಿಂದ ಕಥೆ ಹೇಳಿಬಿಡುತ್ತೇನೆ. ನಾವು ಐದು ಜನ ಒಂದು ಸ್ಮರಣ ಸಂಚಿಕೆ ತಂದೆವು. ಎಲ್ಲವೂ ಮೊಬೈಲಿನ ಒಂದೇ ಗುಂಪಿನಲ್ಲಿ. ಲೇಖನ ಅಲ್ಲೇ, ಕರಡು ಅಲ್ಲೇ, ಹಬ್ಬದ ಶುಭಾಶಯವೂ ಅಲ್ಲೇ. ಸಂಘ ಕಟ್ಟಿದವರ ಪಟ್ಟಿಯಲ್ಲಿ ಒಬ್ಬ ಹಿರಿಯ ಮಹಿಳೆಯ ಹೆಸರು ಬಿಟ್ಟುಹೋಗಿದೆ ಎಂದು ಒಬ್ಬರು ಧ್ವನಿ ಸಂದೇಶ ಕಳಿಸಿದ್ದರು. ಯುಗಾದಿಯ ಶುಭಾಶಯಗಳ ನಡುವೆ ಅದು ಹೂತುಹೋಯಿತು. ಪುಸ್ತಕ ಅಚ್ಚಾಯಿತು. ಬಿಡುಗಡೆಯ ದಿನ ಆ ಅಮ್ಮ ಪಟ್ಟಿಯನ್ನು ಎರಡು ಸಲ ನೋಡಿ, ಏನೂ ಹೇಳದೆ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಪ್ಪು ಸಾಧನದ್ದಲ್ಲ, ನಮ್ಮದು. ಯಾವ ಮಾತು ಎಲ್ಲಿ ಆಡಬೇಕೆಂದು ನಾವು ಗೊತ್ತು ಮಾಡಿಕೊಂಡಿರಲಿಲ್ಲ. ಸಾಧನ ಆರಿಸುವ ಮೊದಲು ಮಾಡಬೇಕಾದ ಕೆಲಸ ಅದು.

ತಂಡದ ಮಾತಿನಲ್ಲಿ ಮೂರು ಬಗೆ. ಮೊದಲನೆಯದು ಆ ಹೊತ್ತಿನ ಮಾತು. ‘ಕರೆಂಟು ಹೋಗಿದೆ, ಅರ್ಧ ಗಂಟೆ ತಡ’ ಎನ್ನಲು ವಾಟ್ಸಾಪ್ ಸಾಕು. ಎರಡನೆಯದು ಕೂತು ಚರ್ಚಿಸುವ ಮಾತು. ಜೂಮ್‌ನಲ್ಲಿ ಉಚಿತ ಸಭೆಗೆ 40 ನಿಮಿಷದ ಮಿತಿ; ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ. ಐದು ಜನಕ್ಕೆ ಇದು ಧಾರಾಳವಾಯಿತು. ಮೂರನೆಯದು ಉಳಿಯಬೇಕಾದ ಮಾತು: ತೀರ್ಮಾನ, ತಿದ್ದುಪಡಿ, ಲೆಕ್ಕ. ಇದಕ್ಕೆ ಗೂಗಲ್ ಡಾಕ್ಸ್ ಅಥವಾ ಜೋಹೋ ರೈಟರ್‌ನಂಥ, ಎಲ್ಲರೂ ಸೇರಿ ತಿದ್ದಬಹುದಾದ ಒಂದು ಕಡತ ಬೇಕು. ಅಲ್ಲಿ ಕರಡು ಒಂದೇ ಇರುತ್ತದೆ. ಯಾರು, ಯಾವಾಗ, ಏನು ತಿದ್ದಿದರೆಂಬುದೂ ಸಿಗುತ್ತದೆ.

ಕನ್ನಡದ ಕೆಲಸಕ್ಕೆ ಇನ್ನೊಂದು ಎಚ್ಚರಿಕೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತ ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಚಿತ್ರವಿಚಿತ್ರವಾಗಿ ಕಾಣುತ್ತದೆ. ಲೇಖನಗಳನ್ನು ಯೂನಿಕೋಡಿನಲ್ಲೇ ಇಟ್ಟುಕೊಳ್ಳಿ. ಪುಟ ಕಟ್ಟಿದ ಮೇಲೆ ಪಿಡಿಎಫ್ ಮಾಡಿ ಕಳಿಸಲು ಹೇಳಿ.

ಇನ್ನು ಯಾವುದೇ ಸಾಧನ ಒಪ್ಪುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಹಳೆಯ ಮಾತು ಎಷ್ಟು ದಿನ ಸಿಗುತ್ತದೆ? ಸ್ಲ್ಯಾಕ್‌ನ ಉಚಿತ ಖಾತೆಯಲ್ಲಿ ಕಳೆದ 90 ದಿನಗಳ ಸಂದೇಶ ಮಾತ್ರ ಕಾಣುತ್ತದೆ. ಜನವರಿಯಲ್ಲಿ ಆಡಿದ್ದು ಜೂನ್‌ನಲ್ಲಿ ಬೇಕಾದರೆ ಸಿಗದು.

ಕಡತ ಯಾರ ಹೆಸರಿನಲ್ಲಿದೆ? ಒಬ್ಬರ ಸ್ವಂತ ಖಾತೆಯಲ್ಲಿದ್ದು ಅವರು ತಂಡ ಬಿಟ್ಟರೆ ಪೇಚಾಟ. ತಂಡಕ್ಕೇ ಒಂದು ಖಾತೆ ಇರಲಿ, ಅದರ ಕೀಲಿ ಇಬ್ಬರ ಬಳಿ ಇರಲಿ.

ಆ ಸೇವೆಯೇ ನಿಂತರೆ? ಗೂಗಲ್ ಹ್ಯಾಂಗೌಟ್ಸ್ 2022ರಲ್ಲಿ ನಿಂತಿತು. ಒಂದು ಕಾಲಕ್ಕೆ ವಿದೇಶದ ಮಕ್ಕಳ ಮುಖ ತೋರಿಸುತ್ತಿದ್ದ ಸ್ಕೈಪ್ ಕೂಡ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಮುಖ್ಯ ಕಡತಗಳ ಪ್ರತಿ ನಿಮ್ಮ ಕಂಪ್ಯೂಟರಿನಲ್ಲೂ ಇರಬೇಕು.

ಕೊನೆಯದಾಗಿ, ತಂಡದಲ್ಲಿ ಇಂಥದ್ದು ಕಡಿಮೆ ಬಲ್ಲವರಿಗೆ ಇದು ಬಳಸಲು ಬರುತ್ತದೆಯೇ? ನಮ್ಮಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದಾರೆ. ಕನ್ನಡದಲ್ಲಿ ಅವರಂತೆ ಕರಡು ತಿದ್ದುವವರು ಬೇರೊಬ್ಬರಿಲ್ಲ. ಅವರಿಗೆ ಒಗ್ಗದ ಸಾಧನ ನಮಗೂ ಬೇಡವೆಂದು ಒಪ್ಪಿಕೊಂಡೆವು. ಒಂದು ಭಾನುವಾರ ಫೋನಿನಲ್ಲೇ ಕೂತು ಕಲಿಸಿದೆವು. ಈಗ ನಮಗಿಂತ ಮೊದಲು ಅವರ ತಿದ್ದುಪಡಿ ಬಂದಿರುತ್ತದೆ.

ನಮ್ಮ ನಿಯಮ ಈಗ ಒಂದೇ: ಕಡತದಲ್ಲಿ ಬರೆಯದ ತಿದ್ದುಪಡಿ ತಿದ್ದುಪಡಿಯಲ್ಲ. ಫೋನಿನಲ್ಲಿ ಹೇಳಿದರೂ ಹೇಳಿದವರೇ ಅಲ್ಲಿ ಬರೆಯಬೇಕು. ಅಚ್ಚಿಗೆ ಹೋಗುವ ಮೊದಲು ಐವರೂ ‘ಓದಿದೆ’ ಎಂದು ಹೆಸರು ಹಾಕಬೇಕು.

ಮುಂದಿನ ಸಂಚಿಕೆಯಲ್ಲಿ ಆ ಅಮ್ಮನ ಹೆಸರು ಪಟ್ಟಿಗೆ ಸೇರಿತು. ಪ್ರತಿಯನ್ನು ಅಂಚೆಯಲ್ಲಿ ಕಳಿಸದೆ ಅವರ ಮನೆಗೇ ಹೋಗಿ ಕೊಟ್ಟು ಬಂದೆವು. ಅದಕ್ಕೆ ಮಾತ್ರ ಯಾವ ಸಾಧನವೂ ಒದಗುವುದಿಲ್ಲ.