ಮುಪ್ಪಿನ ಹೊಣೆ ಯಾರದು?
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಅರಬ್ ಜನರಲ್ಲಿ ತಂದೆತಾಯಿಗಳ ಸೇವೆ ದೊಡ್ಡ ಧರ್ಮ. ಕುರಾನು ಅದನ್ನು ವಿಧಿಸುತ್ತದೆ. ಅಲ್ಲಿಯ ಕ್ರೈಸ್ತರ ಮನೆಗಳಲ್ಲಿಯೂ ಅದೇ ನಡತೆ. ಇದು ಮೆಚ್ಚತಕ್ಕ ಮಾತೇ ಸರಿ. ಆದರೆ ಬರಿಯ ಮರ್ಯಾದೆಯಿಂದ ಮುದುಕರ ಹೊಟ್ಟೆ ತುಂಬುತ್ತದೆಯೇ? ಇದನ್ನು ನಾವು ಇಂದು ವಿಚಾರ ಮಾಡಬೇಕಾಗಿದೆ.

ಲೆಬನಾನನ್ನು ನೋಡೋಣ. ಅರಬ್ ದೇಶಗಳ ಪೈಕಿ ವೃದ್ಧರ ಪಾಲು ಹೆಚ್ಚಾಗಿರುವ ನಾಡು ಅದು. 1975ರಿಂದ 1990ರ ವರೆಗೆ ಅಂತರ್ಯುದ್ಧ; ಆಮೇಲೆಯೂ ಕೆಲಸದ ಅಭಾವ. ಮಕ್ಕಳು ಕೊಲ್ಲಿ ದೇಶಗಳಿಗೂ ಯೂರೋಪಿಗೂ ಹೊರಟರು. ಮನೆ ಉಳಿಯಿತು, ಮನೆಯವರು ಚದುರಿದರು.

ಅಲ್ಲಿ ಖಾಸಗಿ ಉದ್ಯಮದ ಕೂಲಿಕಾರನಿಗೆ ತಿಂಗಳ ಪಿಂಚಣಿ ಇರಲಿಲ್ಲ. 1963ರ ಕಾನೂನು ಕೊಟ್ಟದ್ದು ಇಡಿಗಂಟು: ಸ್ಥೂಲವಾಗಿ, ದುಡಿದ ವರ್ಷಕ್ಕೆ ಒಂದು ತಿಂಗಳ ಸಂಬಳ. ನೀವೇ ಲೆಕ್ಕ ಹಾಕಿರಿ. ತಿಂಗಳಿಗೆ 10 ಲಕ್ಷ ಲೀರಾ ಪಡೆಯುವವನು 30 ವರ್ಷ ದುಡಿದರೆ 3 ಕೋಟಿ ಲೀರಾ. 2019ರ ಮೊದಲು ಡಾಲರಿಗೆ ಸುಮಾರು 1,500 ಲೀರಾ. ಆ ಗಂಟಿನ ಬೆಲೆ 20 ಸಾವಿರ ಡಾಲರು. ಆ ವರ್ಷ ಬ್ಯಾಂಕುಗಳು ಕುಸಿದವು. 2023ರಲ್ಲಿ ಡಾಲರಿಗೆ ಸುಮಾರು 90 ಸಾವಿರ ಲೀರಾ ಆಯಿತು. ಅದೇ 3 ಕೋಟಿಗೆ ಸಿಕ್ಕುವುದು ಸುಮಾರು 330 ಡಾಲರು! ಸಣ್ಣ ಅಂಗಡಿಕಾರನಿಗೆ ಆ ಗಂಟೂ ಇರಲಿಲ್ಲ. ಅವನು ಬ್ಯಾಂಕಿನಲ್ಲಿಟ್ಟ ಉಳಿತಾಯಕ್ಕೆ ಬೀಗ ಬಿತ್ತು.

ಹಾಗಾದರೆ ಮುದುಕರನ್ನು ನೋಡುವವರು ಯಾರು? ಹೆಂಡತಿ, ಮಗಳು, ಸೊಸೆ. ಉಳ್ಳವರ ಮನೆಗಳಲ್ಲಿ ಇಥಿಯೋಪಿಯ, ಶ್ರೀಲಂಕ, ಫಿಲಿಪ್ಪೀನ್ಸ್‌ಗಳಿಂದ ಬಂದ ಬಡ ಹೆಣ್ಣುಮಕ್ಕಳು. 1946ರ ಕಾರ್ಮಿಕ ಕಾನೂನು ಮನೆಗೆಲಸದವರನ್ನು ಹೊರಗಿಟ್ಟಿದೆ. ಕಫಾಲಾ ಎಂಬ ಪದ್ಧತಿಯಂತೆ ಯಜಮಾನನ ಒಪ್ಪಿಗೆಯಿಲ್ಲದೆ ಅವರು ಕೆಲಸ ಬದಲಿಸುವಂತಿಲ್ಲ. ತನ್ನ ತಾಯಿಯನ್ನು ಊರಲ್ಲಿ ಬಿಟ್ಟು ಬಂದವಳು ಪರರ ತಾಯಿಯ ಸೇವೆ ಮಾಡುತ್ತಾಳೆ.

"ಕಾಲ ಕೆಟ್ಟಿತು, ಮಕ್ಕಳು ಕೆಟ್ಟರು" ಎನ್ನುವವರಿದ್ದಾರೆ. ಪರದೇಶದಿಂದ ತಿಂಗಳು ತಿಂಗಳು ಹಣ ಕಳಿಸಿ ಎಷ್ಟೋ ಮುದುಕರನ್ನು ಬದುಕಿಸಿದವರು ಆ ಮಕ್ಕಳೇ. ಹೊಣೆ ತಪ್ಪಿಸಿಕೊಂಡದ್ದು ಸರಕಾರ. 2023ರ ಡಿಸೆಂಬರಿನಲ್ಲಷ್ಟೇ ಲೆಬನಾನಿನ ಶಾಸನಸಭೆ ಇಡಿಗಂಟಿನ ಬದಲು ತಿಂಗಳ ಪಿಂಚಣಿ ಕೊಡುವ ಕಾನೂನನ್ನು ಅಂಗೀಕರಿಸಿತು. ಈಜಿಪ್ಟ್ 2015ರಲ್ಲಿ, ಪಿಂಚಣಿಯಿಲ್ಲದ 65 ದಾಟಿದ ಬಡವರಿಗೆ ಸಹಾಯಧನ ಕೊಡುವ ಯೋಜನೆ ತಂದಿತು. ಅದರ ಹೆಸರು 'ಕರಾಮಾ', ಎಂದರೆ ಮರ್ಯಾದೆ.

ಬಂಧುಗಳೇ, ಇಡಿಗಂಟು ಸಾಕೆಂದು ಯಾರಾದರೂ ನಿಮ್ಮನ್ನು ಒಪ್ಪಿಸಲು ಬಂದರೆ ಲೆಬನಾನಿನ ಲೆಕ್ಕವನ್ನು ಮುಂದಿಡಿರಿ. ಬೆಲೆ ಏರಿದಂತೆ ತಾನೂ ಏರುವ ಪಿಂಚಣಿಯನ್ನು ಗಿರಣಿಯವನಿಗೂ ಅಂಗಡಿಯವನಿಗೂ ಮನೆಗೆಲಸದವಳಿಗೂ ಕೇಳೋಣ.